ಕುರೊಸಾವಾ ಅವರ 1944ರ ಕಾರ್ಖಾನೆ ಸಿನಿಮಾ: ಆ ಒಂದು ಲೆನ್ಸಿನ ಬಗ್ಗೆ ಮಾತಾಡಬೇಕಿತ್ತು

ಪೀಣ್ಯದವಳು

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಕತ್ತಿ, ಮಳೆ, ಕುದುರೆ. ನಾನು ಈ ಭಾನುವಾರ ಮೂರನೇ ಸಲ ನೋಡಿದ್ದು ಅವರು ನಿರ್ದೇಶಿಸಿದ ಎರಡನೇ ಚಿತ್ರ, 1944ರ ಏಪ್ರಿಲ್‌ನಲ್ಲಿ ಬಂದ 'ಇಚಿಬನ್ ಉತ್ಸುಕುಶಿಕು'. 'ದಿ ಮೋಸ್ಟ್ ಬ್ಯೂಟಿಫುಲ್' ಅಂತ ಹುಡುಕಿದರೆ ಸಿಗುತ್ತೆ. ಯುದ್ಧಕಾಲದ ಚಿತ್ರವಾದರೂ ಕತೆ ನಡೆಯೋದು ಕಾರ್ಖಾನೆಯಲ್ಲಿ, ಹುಡುಗಿಯರ ಹಾಸ್ಟೆಲ್‌ನಲ್ಲಿ, ಅವೆರಡರ ನಡುವಿನ ರಸ್ತೆಯಲ್ಲಿ.

ಸೈನ್ಯಕ್ಕೆ ಲೆನ್ಸ್ ಮಾಡುವ ಕಾರ್ಖಾನೆ. ದೂರದೂರಿಂದ ಬಂದ ಹುಡುಗಿಯರು. ತುರ್ತಾಗಿ ಉತ್ಪಾದನೆ ಹೆಚ್ಚಿಸಬೇಕು ಅಂತ ಧ್ವನಿವರ್ಧಕದಲ್ಲಿ ಹೇಳ್ತಾರೆ: ಗಂಡಸರಿಗೆ ನೂರಕ್ಕೆ ನೂರು ಏರಿಕೆ, ಹೆಂಗಸರಿಗೆ ಐವತ್ತು. ಹುಡುಗಿಯರ ಮುಖ ಬಾಡುತ್ತೆ. ಹೆಚ್ಚಾಯಿತು ಅಂತ ಅಲ್ಲ, ಕಡಿಮೆ ಆಯಿತು ಅಂತ! ಅವರ ಮುಖ್ಯಸ್ಥೆ ವತಾನಾಬೆ ಹೋಗಿ, ಗಂಡಸರ ಗುರಿಯ ಮೂರನೇ ಎರಡು ಭಾಗ ನಮಗೂ ಕೊಡಿ ಅಂತ ಕೇಳ್ತಾಳೆ.

ನಾನು ಪೀಣ್ಯದಲ್ಲಿ ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ 19 ವರ್ಷದಿಂದ ಇದ್ದೀನಿ. ಸಿನಿಮಾದಲ್ಲಿ ಕಾರ್ಖಾನೆ ಅಂದರೆ ಹೊಗೆ, ಸೈರನ್, ಮುಷ್ಕರ ಇಷ್ಟೇ ನೋಡಿದ್ದೆ. ಒಬ್ಬಳು ಸುಮ್ಮನೆ ಕೂತು ಕಣ್ಣಲ್ಲಿ ಕೆಲಸ ಮಾಡೋದನ್ನ ಕ್ಯಾಮೆರಾ ಇಷ್ಟು ಹೊತ್ತು ನೋಡಿದ್ದನ್ನ ನಾನು ಬೇರೆ ಎಲ್ಲೂ ಕಂಡಿಲ್ಲ. ಒಂದು ದಿನ ಮನಸ್ಸು ಕಲಕಿದ್ದಾಗ, ತಿದ್ದಿ ಮುಗಿಸದ ಒಂದೇ ಒಂದು ಲೆನ್ಸ್ ವತಾನಾಬೆಯ ಕೈಯಿಂದ ಮುಗಿದ ಲೆನ್ಸುಗಳ ಜೊತೆ ಸೇರಿಹೋಗುತ್ತೆ. ಯಾರೂ ನೋಡಿಲ್ಲ. ಅವಳೇ ಹೋಗಿ ಒಪ್ಪಿಕೊಂಡು, ಇಡೀ ರಾತ್ರಿ ಒಬ್ಬಳೇ ಮೈಕ್ರೋಸ್ಕೋಪ್ ಮುಂದೆ ಕೂತು, ನಿದ್ದೆ ತಡೆಯೋಕೆ ಹಾಡು ಹೇಳ್ಕೊಂಡು, ಒಂದೊಂದನ್ನೂ ಮತ್ತೆ ನೋಡ್ತಾಳೆ.

ಅಲ್ಲಿ ನಾನು ಮೂರು ಸಲವೂ ಅತ್ತಿದ್ದೀನಿ. ಆದರೆ ಆ ಲೆನ್ಸ್ ಹೋಗೋದು ಗುರಿ ಇಡುವ ಯಂತ್ರಕ್ಕೆ, ಕೊಲ್ಲೋಕೆ. ಅದು ಗೊತ್ತಿದ್ದೂ ಈ ಸಿನಿಮಾನ ಪ್ರೀತಿಸಬಹುದಾ? ನಿಮ್ಮೆಲ್ಲರ ಅಭಿಪ್ರಾಯ ಬೇಕು, ನಿಜವಾಗಲೂ ಬೇಕು.

ಕಡಲತಡಿ

ಮೇಡಂ, ನಿಮ್ಮ ಕಣ್ಣೀರಿನ ಬಗ್ಗೆ ನನಗೆ ಗೌರವ ಉಂಟು. ಆದರೆ ನನ್ನ ಉತ್ತರ: ಇಲ್ಲ.

ಚಿತ್ರ ಶುರುವಾಗುವುದೇ ಶತ್ರುವನ್ನು ಹೊಡೆದು ಮುಗಿಸಿ ಎಂಬ ಆ ಕಾಲದ ಘೋಷಣೆಯಿಂದ. ಒಬ್ಬ ಹುಡುಗಿ ಜ್ವರ ಬಂದರೂ ಹೇಳುವುದಿಲ್ಲ, ಮನೆಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ. ಇನ್ನೊಬ್ಬಳು ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡವಳು ಊರುಗೋಲು ಹಿಡಿದು ಕೆಲಸಕ್ಕೆ ವಾಪಸ್ ಬರುತ್ತಾಳೆ, ಉಳಿದವರು ಸಂಭ್ರಮಿಸುತ್ತಾರೆ. ವತಾನಾಬೆಯ ತಾಯಿ ತೀರಿಹೋದಾಗ ಅವಳು ಊರಿಗೆ ಹೋಗುವುದಿಲ್ಲ. ಇದೆಲ್ಲ ನಮಗೆ ಚಂದ ಕಾಣಬೇಕು ಎಂದೇ ತೆಗೆದದ್ದು. ಕೆಲಸ ಮಾಡುವವಳೇ ಹೆಚ್ಚು ಕೆಲಸ ಬೇಡಿಕೊಳ್ಳುವ ಕತೆ ಯಾರಿಗೆ ಬೇಕಾಗಿತ್ತು?

ಚಿತ್ರ ಬಂದದ್ದು ಏಪ್ರಿಲ್‌ನಲ್ಲಿ. ನಾಲ್ಕು ತಿಂಗಳಲ್ಲಿ, 1944ರ ಆಗಸ್ಟ್‌ನಲ್ಲಿ, ಜಪಾನ್ ಸರ್ಕಾರ 12ರಿಂದ 40 ವರ್ಷದ ಮದುವೆಯಾಗದ ಹೆಣ್ಣುಮಕ್ಕಳನ್ನು ಕಡ್ಡಾಯವಾಗಿ ದುಡಿಸುವ ಆಜ್ಞೆ ಹೊರಡಿಸಿತು. ಪರದೆಯ ಮೇಲೆ ಅವರಾಗಿಯೇ ಕೇಳಿ ಪಡೆದ ಭಾರ, ಹೊರಗೆ ಕಾನೂನಾಯಿತು. ಮರುವರ್ಷ ಆಗಸ್ಟ್ 7ರಂದು ತೊಯೊಕಾವಾದ ನೌಕಾಪಡೆಯ ಶಸ್ತ್ರಾಗಾರದ ಮೇಲೆ ಬಾಂಬು ಬಿತ್ತು. ಸತ್ತವರು 2,500ಕ್ಕೂ ಹೆಚ್ಚು. ಅದರಲ್ಲಿ ಶಾಲೆಯಿಂದ ಕರೆತಂದ ಮಕ್ಕಳು ನೂರಾರು. ಯುದ್ಧ ಮುಗಿಯಲಿಕ್ಕೆ ಎಂಟು ದಿನ ಬಾಕಿ ಇತ್ತು. ನಾನು ಈ ಸಿನಿಮಾ ನೋಡುವಾಗ ಅವರೇ ಕಣ್ಣ ಮುಂದೆ ಬರುತ್ತಾರೆ.

ಮಲೆಮಳೆ

ಇಬ್ಬರ ಮಾತೂ ಸರಿ ಅನ್ನಿಸ್ತಿದೆ. ಇದನ್ನು ತೆಗೆದ ಬಗೆ ಗೊತ್ತಿದ್ದರೆ ನೋಡುವ ರೀತಿಯೂ ಸ್ವಲ್ಪ ಬದಲಾಗಬಹುದು.

ನೌಕಾಪಡೆಯವರು ಕುರೊಸಾವಾ ಅವರನ್ನು ಮೊದಲು ಕೇಳಿದ್ದು ಜೀರೋ ಫೈಟರ್ ವಿಮಾನಗಳ ಸಾಹಸದ ಚಿತ್ರ. ಆದರೆ ಅಷ್ಟು ಹೊತ್ತಿಗೆ ಶೂಟಿಂಗಿಗೆ ಕೊಡುವಷ್ಟು ವಿಮಾನವೇ ಉಳಿದಿರಲಿಲ್ಲ. ಅದು ಬಿದ್ದುಹೋಗಿ ಇದು ಹುಟ್ಟಿತು. ಚಿತ್ರೀಕರಣ ನಡೆದಿದ್ದು ಹಿರಾತ್ಸುಕಾದ ನಿಪ್ಪೊನ್ ಕೊಗಾಕು ಕಾರ್ಖಾನೆಯಲ್ಲಿ, ಇವತ್ತು ನಾವು ನಿಕಾನ್ ಅಂತ ಕರೆಯುವ ಕಂಪನಿಯಲ್ಲಿ. ನಟಿಯರನ್ನು ಅಲ್ಲಿನ ಹಾಸ್ಟೆಲ್‌ನಲ್ಲೇ ಇರಿಸಿದರು. ಕಾರ್ಖಾನೆಯ ಊಟ, ಕಾರ್ಖಾನೆಯ ದಿನಚರಿ. ಪರಸ್ಪರ ಪಾತ್ರದ ಹೆಸರಿನಿಂದಲೇ ಕರೆಯಬೇಕು. ನಟನೆಯ ವಯ್ಯಾರ ಹೋಗಲಿ ಅಂತ ಓಡಿಸಿದರು, ವಾಲಿಬಾಲ್ ಆಡಿಸಿದರು, ಕೊಳಲು ತಮಟೆಯ ಬ್ಯಾಂಡ್ ಕಲಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದರು.

ಕಾರ್ಖಾನೆಯ ಮುಖ್ಯಸ್ಥರಾಗಿ ತಕಾಶಿ ಶಿಮುರಾ ಇದ್ದಾರೆ. ವತಾನಾಬೆಯ ಪಾತ್ರ ಯೋಕೊ ಯಾಗುಚಿ ಅವರದು. ನಟಿಯರ ಪರವಾಗಿ ನಿರ್ದೇಶಕರ ಹತ್ತಿರ ಹೋಗಿ ಜಗಳ ಆಡುತ್ತಿದ್ದವರೂ ಅವರೇ! 1945ರಲ್ಲಿ ಇಬ್ಬರೂ ಮದುವೆಯಾದರು. 1985ರಲ್ಲಿ ಆಕೆ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಇದು ದೊಡ್ಡ ಚಿತ್ರವಲ್ಲ, ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅನ್ನುವ ಅರ್ಥದ ಮಾತನ್ನು ಕುರೊಸಾವಾ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಕಡಲತಡಿ ಅವರಿಗೆ ಒಂದು ಸೇರ್ಪಡೆ. ಹಿರಾತ್ಸುಕಾ ಊರು 1945ರ ಜುಲೈ 16ರ ರಾತ್ರಿ ಬಾಂಬು ದಾಳಿಯಲ್ಲಿ ಸುಟ್ಟುಹೋಯಿತು. ಆ ರಸ್ತೆಗಳಲ್ಲಿ ಹುಡುಗಿಯರು ಬ್ಯಾಂಡ್ ಬಾರಿಸಿಕೊಂಡು ನಡೆಯೋದನ್ನು ನೋಡುವಾಗ ಅದು ನೆನಪಾಗದೇ ಇರಲ್ಲ.

ಫಿಟ್ಟರ್_ಭದ್ರಾವತಿ

ಪೀಣ್ಯದಮ್ಮ, ನಿನ್ನ ಪೋಸ್ಟ್ ಓದಿ ನಿನ್ನೆ ರಾತ್ರಿ ಕೂತು ನೋಡಿದೆ. ನಾನು 34 ವರ್ಷ ಶಿಫ್ಟ್ ಮಾಡಿ ನಿವೃತ್ತಿ ಆದವನು. ಸಿನಿಮಾ ಶಾಸ್ತ್ರ ಗೊತ್ತಿಲ್ಲ, ಕಾರ್ಖಾನೆ ಗೊತ್ತು.

ನೀವು ಯಾರೂ ಆ ಗ್ರಾಫ್ ಬಗ್ಗೆ ಹೇಳಲಿಲ್ಲ. ಗುರಿ ಏರಿಸಿದ ಮೊದಲಲ್ಲಿ ಉತ್ಪಾದನೆಯ ಗೆರೆ ಸರಸರ ಮೇಲೆ ಹೋಗುತ್ತೆ. ಆಮೇಲೆ ಕೆಳಗೆ ಬೀಳುತ್ತೆ. ನಮ್ಮಲ್ಲೂ ಹಾಗೇ. ಹೊಸ ಟಾರ್ಗೆಟ್ ಬೋರ್ಡ್ ಮೇಲೆ ಬರೆದ ಮೊದಲ ವಾರ ಎಲ್ಲರ ಮೈಯಲ್ಲೂ ದೆವ್ವ ಹೊಕ್ಕಂಗೆ. ಎರಡನೇ ವಾರಕ್ಕೆ ಕೆಮ್ಮು, ಬೆನ್ನುನೋವು. ಮೂರನೇ ವಾರಕ್ಕೆ ಯಾರ ಸ್ಪ್ಯಾನರ್ ಯಾರು ತಗೊಂಡ್ರು ಅಂತ ಜಗಳ. ಈ ಹುಡುಗಿಯರೂ ಹಂಗೇ ಸಣ್ಣಸಣ್ಣದಕ್ಕೆ ಕಿತ್ತಾಡ್ತಾರೆ, ನೀನು ಅವಳ ಪರ ವಹಿಸ್ತೀಯ ಅಂತ ಮುನಿಸ್ಕೊಳ್ತಾರೆ. ದಣಿದ ಮನುಷ್ಯ ಮೊದಲು ಕಳಕೊಳ್ಳೋದು ಪಕ್ಕದವನ ಮೇಲಿನ ನಂಬಿಕೆ.

ಬರೀ ಪ್ರಚಾರಕ್ಕೆ ತೆಗೆಯೋನಾಗಿದ್ರೆ ಗೆರೆ ಏರ್ತಾನೇ ಇರ್ತಿತ್ತು. ಈತ ಬೀಳಿಸಿ ತೋರಿಸಿದ. ಅಷ್ಟಕ್ಕೆ ನಾನು ಕೈ ಮುಗಿತೀನಿ.

ಆದ್ರೆ ಒಂದು ಮಾತು ಕಡಲತಡಿಯವರದು ನಿಜ. ಆ ಗೆರೆ ಬಿದ್ದಾಗ ಟಾರ್ಗೆಟ್ ಇಳಿಸೋಣ ಅಂತ ಯಾರೂ ಹೇಳಲ್ಲ. ವಾಲಿಬಾಲ್ ಆಡಿಸ್ತಾರೆ.

ಇಳಕಲ್_ಮಗ್ಗ

ನಮಸ್ಕಾರ್ರೀ ಎಲ್ಲಾರಿಗೂ. ಇದರ ಜೋಡಿ ಇನ್ನೊಂದು ಚಿತ್ರ ನೋಡ್ಲಿಕ್ಕೇ ಬೇಕ್ರಿ. ಇಂಗ್ಲೆಂಡಿನ 'ಮಿಲಿಯನ್ಸ್ ಲೈಕ್ ಅಸ್', 1943ರದು. ಫ್ರಾಂಕ್ ಲಾಂಡರ್ ಮತ್ತ ಸಿಡ್ನಿ ಗಿಲಿಯಟ್ ಇಬ್ಬರೂ ಕೂಡಿ ಬರದು ನಿರ್ದೇಶಿಸಿದ್ದು. ಅದೂ ಸರ್ಕಾರದ ಮಾಹಿತಿ ಇಲಾಖೆಯ ಇಚ್ಛಾದಿಂದನ ಹುಟ್ಟಿದ್ದು, ಅಂದ್ರ ಅದೂ ಪ್ರಚಾರದ ಚಿತ್ರನ.

ಅಲ್ಲಿ 1941ರ ಡಿಸೆಂಬರ್‌ದಾಗ ಕಾಯ್ದೆ ಬಂತು. 20ರಿಂದ 30 ವಯಸ್ಸಿನ ಮದುವಿ ಆಗದ ಹೆಣ್ಮಕ್ಕಳು ಯುದ್ಧದ ಕೆಲಸಕ್ಕ ಬರಬೇಕು. ಸೆಲಿಯಾ ಅನ್ನೋ ಸಾದಾ ಹುಡುಗಿ. ಆಕಿ ಕನಸಿನ್ಯಾಗ ತಾನು ವಾಯುಪಡೆಯ ಸಮವಸ್ತ್ರ ಹಾಕ್ಕೊಂಡಾಳ, ನರ್ಸ್ ಆಗ್ಯಾಳ. ಆದ್ರ ಕಚೇರಿಯಾಗ ಆಕಿನ್ನ ವಿಮಾನದ ಬಿಡಿಭಾಗದ ಕಾರ್ಖಾನಿಗೆ ಕಳಸ್ತಾರ. ಆಕಿ ಮುಖ ನೋಡಬೇಕ್ರಿ ಆವಾಗ. ಬ್ಯಾಡಾಗಿತ್ತು ಅಂತ ಮುಖದ ಮ್ಯಾಲೆ ಬರದದ. ಜಪಾನಿನ ಚಿತ್ರದಾಗ ಇಂಥಾ ಒಂದು ಮುಖ ಇಲ್ಲ.

ಆಕಿ ಒಬ್ಬ ವಾಯುಸೈನಿಕನ್ನ ಲಗ್ನ ಆಗ್ತಾಳ, ಅಂವ ಸಾಯ್ತಾನ. ಕಡೀಕ ಕ್ಯಾಂಟೀನಿನ್ಯಾಗ ಎಲ್ಲಾರೂ ಕೂಡಿ ಹಾಡ್ತಿರ್ತಾರ, ಮ್ಯಾಲೆ ಬಾಂಬರ್ ವಿಮಾನ ಹೊಂಟಿರ್ತಾವ. ಆಕಿ ಮೊದಲು ಸುಮ್ಮನ ಕೂತಿರ್ತಾಳ, ಆಮ್ಯಾಲ ಮೆಲ್ಲಕ ತಾನೂ ದನಿ ಕೂಡಸ್ತಾಳ.

ನನಗ ಎಲ್ಲಕ್ಕಿಂತ ಹಿಡಿಸಿದ್ದು ಫೋರ್‌ಮನ್ ಪಾತ್ರ. ಶ್ರೀಮಂತರ ಮನಿ ಹುಡುಗಿ ಒಬ್ಬಾಕಿ ಅಲ್ಲೇ ಕೆಲಸಕ್ಕ ಬಂದಿರ್ತಾಳ, ಇಬ್ಬರಿಗೂ ಮನಸ್ಸಾಗ್ತದ. ಆದ್ರ ಅಂವ ಈಗ ಲಗ್ನ ಬ್ಯಾಡ ಅಂತಾನ. ಈಗೇನೋ ಎಲ್ಲಾರೂ ಒಂದ ಆಗೇವಿ, ಯುದ್ಧ ಮುಗಿದ ಮ್ಯಾಲೆ ಹಿಂಗ ಇರ್ತೀವೋ ಹಳೇದಕ್ಕ ಹೊಳ್ಳಿ ಹೋಗ್ತೀವೋ, ಅದು ತಿಳಿಯೂ ತನಕ ಲಗ್ನ ಇಲ್ಲ ಅನ್ನೋ ಅರ್ಥದ ಮಾತು. ಪ್ರಚಾರದ ಚಿತ್ರದಾಗ ಇಂಥಾ ಸವಾಲು! ಕುರೊಸಾವಾರ ಹುಡಿಗ್ಯಾರು 'ಯುದ್ಧ ಮುಗಿದ ಮ್ಯಾಲೆ' ಅಂತ ಬಾಯಿ ಬಿಟ್ಟು ಒಂದು ಆಸೆ ಹೇಳಂಗಿಲ್ಲ. ಅವರಿಗೆ ನಾಳೆ ಇಲ್ಲ, ಮುಂದಿನ ಲೆನ್ಸ್ ಅಷ್ಟ ಅದ. ಎರಡು ದೇಶದ ನಡುವಿನ ಫರಕು ನನಗ ಇಲ್ಲೇ ಕಾಣಿಸ್ತು.

ಮುರುಗೇಶಪಾಳ್ಯ

ಈ ಚರ್ಚೆಗೆ ಬೆಂಗಳೂರನ್ನೂ ಸೇರಿಸ್ತೀನಿ, ಯಾಕಂದ್ರೆ ಅದು ನಿಜಕ್ಕೂ ಸೇರಬೇಕು.

ನಮ್ಮಜ್ಜ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಶೀಟ್ ಮೆಟಲ್ ಕೆಲಸಕ್ಕೆ ಸೇರಿದ್ದು ಯುದ್ಧದ ಕಾಲದಲ್ಲೇ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಕಂಪನಿ ಅದು. 1943ರಲ್ಲಿ ಅದರ ಉಸ್ತುವಾರಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಚೀನಾ, ಬರ್ಮಾ ಕಡೆ ಹಾರಿ ಜಖಂ ಆದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರ್ತಿದ್ದವು. ನೀರಿನ ಮೇಲೆ ಇಳಿಯೋ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳೀತಿದ್ದವು. ಇವತ್ತು ನೊರೆ ಬರುತ್ತಲ್ಲ, ಅದೇ ಕೆರೆ.

ಅಜ್ಜ ಹೇಳ್ತಿದ್ದಿದ್ದು ಒಂದೇ ಕತೆ. ರೆಕ್ಕೆಯ ತಗಡಿನಲ್ಲಿ ಗುಂಡು ತೂರಿದ ತೂತು. ಸುತ್ತ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ತೇಪೆ ಇಟ್ಟು ರಿವೆಟ್ ಹೊಡೀಬೇಕು. ಒಬ್ಬ ಹೊರಗಿಂದ ರಿವೆಟ್ ಗನ್ ಹಿಡಿದ್ರೆ ಇನ್ನೊಬ್ಬ ಒಳಗಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡೀಬೇಕು. ಅಜ್ಜ ಸಣ್ಣಗಿದ್ದರಿಂದ ಒಳಗೆ ತೂರೋ ಕೆಲಸ ಅವರದೇ. ಕೊನೆಕೊನೆಗೆ ಕಿವಿ ಕೇಳ್ತಿರಲಿಲ್ಲ. ತೇಪೆ ಮೇಲೆ ಬೆರಳು ಆಡಿಸಿದ್ರೆ ಎಲ್ಲಿ ಹಾಕಿದೆ ಅಂತ ಗೊತ್ತಾಗಬಾರದು, ಅದೇ ಕೆಲಸ ಅಂತ ಹೇಳೋರು.

ಪೀಣ್ಯದಕ್ಕನ ಪೋಸ್ಟ್ ಓದಿದಾಗಿಂದ ಒಂದೇ ಯೋಚನೆ. ಆ ತೂತು ಕೊರೆದ ಗುಂಡಿಗೆ ದಾರಿ ತೋರಿಸಿದ ಲೆನ್ಸನ್ನ ಯಾವುದೋ ವತಾನಾಬೆಯೇ ತಿದ್ದಿರಬಹುದಲ್ವಾ? ಅಲ್ಲಿ ಅವಳು ಕಣ್ಣು ಕೆಂಪಾಗೋ ತನಕ ಲೆನ್ಸ್ ನೋಡ್ತಾಳೆ. ಇಲ್ಲಿ ಅಜ್ಜ ಅವಳ ಕೆಲಸದ ಫಲಕ್ಕೆ ತೇಪೆ ಹಾಕ್ತಾರೆ. ಇಬ್ಬರೂ ಒಂದೇ ಶ್ರದ್ಧೆಯ ಜನ, ಒಬ್ಬರನ್ನೊಬ್ಬರು ನೋಡಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರ್ತಿಲ್ಲ. ಅಜ್ಜನಿಗೂ ಬರ್ತಿರಲಿಲ್ಲ ಅನ್ಸುತ್ತೆ.

ಪೀಣ್ಯದವಳು

ಮುರುಗೇಶಪಾಳ್ಯದ ತಮ್ಮ, ಅಜ್ಜನ ಬೆರಳಿನ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಅಳೋದಕ್ಕೆ ಕಾರಣ ನಾನು ಹೇಳಿರಲಿಲ್ಲ. ಈಗ ಹೇಳ್ತೀನಿ. ಹಿಂದೆ ಬೇರೆ ಒಂದು ಕಡೆ ಇದ್ದಾಗ, ಮಾರ್ಚ್ 30ರ ರಾತ್ರಿ. 400 ಪೀಸಿನ ಲಾಟ್, ಬೆಳಿಗ್ಗೆಯೊಳಗೆ ಡಿಸ್ಪ್ಯಾಚ್ ಆಗಬೇಕು. ತೂತಿನ ಅಳತೆ ನೋಡೋ ನನ್ನ ಪ್ಲಗ್ ಗೇಜಿನ 'ಗೋ' ಕಡೆ, ಅಂದರೆ ಸರಿಯಾದ ತೂತಿನೊಳಗೆ ಹೋಗಲೇಬೇಕಾದ ತುದಿ, ಸವೆದಿದೆ ಅಂತ ನನಗೆ ಅನುಮಾನ. ಗೋ ಸವೆದರೆ ಸಣ್ಣ ತೂತೂ ಪಾಸಾಗಿಬಿಡುತ್ತೆ. ಕೈಗೆ ಗೊತ್ತಾಗುತ್ತೆ ಅದು, ಗೇಜ್ ಒಳಗೆ ಹೋಗೋ ರೀತಿಯಲ್ಲೇ. ಹೇಳಿದೆ. ಮಾಸ್ಟರ್ ಗೇಜ್ ತರಿಸಿ ಹೋಲಿಸಿ ನೋಡೋಣ ಅಂದೆ. ಲಾರಿ ನಿಂತಿದೆ, ಸಹಿ ಹಾಕಿ ಅಂದರು. ಹಾಕಿದೆ. ಮಗೂಗೆ ಜ್ವರ ಇತ್ತು, ಮನೆಗೆ ಹೋಗಬೇಕಿತ್ತು. ಆ 400ರಲ್ಲಿ ಎಷ್ಟು ತಪ್ಪಿತ್ತು, ಇತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಯಾರೂ ವಾಪಸ್ ಕಳಿಸಲಿಲ್ಲ. ಆದರೆ ಆ ಗೇಜ್ ಒಳಗೆ ಜಾರಿದ್ದು ಈಗಲೂ ಬೆರಳಿಗೆ ನೆನಪಿದೆ.

ವತಾನಾಬೆ ವಾಪಸ್ ಹೋಗಿ ಹುಡುಕ್ತಾಳೆ. ನಾನು ಹೋಗಲಿಲ್ಲ. ಒಂದು ತಪ್ಪು ಲೆನ್ಸಿನಿಂದ ತಮ್ಮ ಸೈನಿಕರು ಸಾಯಬಹುದು ಅಂತ ಅವಳಿಗೆ ಭಯ. ಅದು ದೇಶಭಕ್ತಿ ಇರಬಹುದು. ನನಗೆ ಕಂಡಿದ್ದು, ಕೈಯಿಂದ ಹೋದ ವಸ್ತು ಮುಂದೆ ಯಾರ ಜೀವಕ್ಕೋ ತಗಲುತ್ತೆ ಅಂತ ಗೊತ್ತಿರೋ ಹೆಂಗಸು.

ಕಡಲತಡಿ

ಇದನ್ನು ಬರೆಯುವುದು ಸುಲಭ ಇರಲಿಲ್ಲ ನಿಮಗೆ. ಮೊದಲ ಪೋಸ್ಟಿನಲ್ಲಿ ನಾನು ಸ್ವಲ್ಪ ಜೋರಾಗಿ ಮಾತಾಡಿದೆ, ಬೇಸರ ಮಾಡಬೇಡಿ.

ಆದರೂ ನನ್ನ ಪ್ರಶ್ನೆ ಬಿಡುವುದಿಲ್ಲ. ನಿಮ್ಮ ರಾತ್ರಿಯಲ್ಲಿ ಸಹಿ ಹಾಕಿಸಿದವರು ಇದ್ದರು, ಲಾರಿ ಇತ್ತು, ಮಗುವಿನ ಜ್ವರ ಇತ್ತು. ಚಿತ್ರದಲ್ಲಿ ವತಾನಾಬೆಗೆ ಹಾಗೆ ಹೇಳುವವರು ಒಬ್ಬರೂ ಇಲ್ಲ. ಮೇಲಿನವರೆಲ್ಲ ಕರುಣಾಳುಗಳು, ವಾರ್ಡನ್ ತಾಯಿಯ ಹಾಗೆ. ಎಲ್ಲರೂ ಒಳ್ಳೆಯವರಾದ ಕಾರ್ಖಾನೆಯಲ್ಲಿ ತಪ್ಪಿನ ಭಾರ ಪೂರ್ತಿ ಆ ಹುಡುಗಿಯ ತಲೆ ಮೇಲೆಯೇ ಬೀಳುತ್ತದೆ. ನಿಮ್ಮ ತಲೆ ಮೇಲೂ ಹಾಗೆಯೇ ಬಿದ್ದಿದೆ. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಫಿಟ್ಟರ್_ಭದ್ರಾವತಿ

ಈ ಮಾತು ಒಪ್ಪಿದೆ. ಅಮ್ಮ, ನೀನು ಬಾಯಿಬಿಟ್ಟು ಹೇಳಿದ್ದೆ. ಹೇಳಿದ ಮೇಲೂ ಲಾರಿ ಬಿಟ್ಟವರು ಅವರು. ಇದನ್ನ ಮನಸ್ಸಲ್ಲಿ ಇಟ್ಕೊ.

ಕೋಬೆಯಿಂದ

ತಡವಾಗಿ ಬರ್ತಿದ್ದೀನಿ, ಕ್ಷಮಿಸಿ. ಜಪಾನಿನಲ್ಲಿ 11 ವರ್ಷದಿಂದ ಇದ್ದೀನಿ. ಎರಡು ವಿಷಯ.

ಮೊದಲನೆಯದು ಹೆಸರು. ಇಂಗ್ಲಿಷ್ ಹೆಸರು ಕೇಳಿದರೆ 'ಅತಿ ಸುಂದರಿಯರು' ಅನ್ನಿಸುತ್ತೆ. ಜಪಾನಿ ಹೆಸರು ಹಾಗಿಲ್ಲ. 'ಉತ್ಸುಕುಶಿಕು' ಅಂದರೆ 'ಸುಂದರವಾಗಿ', 'ಚೆಂದವಾಗಿ'. 'ಎಲ್ಲಕ್ಕಿಂತ ಚೆಂದವಾಗಿ' ಅಂತ ಹೇಳಿ ಮಾತು ಅಲ್ಲಿಗೇ ನಿಂತುಬಿಡುತ್ತೆ. ಕ್ರಿಯಾಪದವೇ ಇಲ್ಲ. ಚೆಂದವಾಗಿ ಏನು? ದುಡಿಯೋದಾ, ಬದುಕೋದಾ? ನಮ್ಮ ಕನ್ನಡದಲ್ಲಿ ಇದನ್ನು ಹಾಗೇ ಹೇಳಬಹುದು, ಇಂಗ್ಲಿಷ್‌ಗೆ ಕಷ್ಟವಾಯಿತೇನೋ.

ಎರಡನೆಯದು, ಪೀಣ್ಯದಕ್ಕ ಕೇಳಿದ ಪ್ರಶ್ನೆಗೆ ಹತ್ತಿರದ ಒಂದು ನಿಜ ಘಟನೆ. ಯುದ್ಧದ ಕೊನೆಯಲ್ಲಿ ಜಪಾನಿನ ಶಾಲಾ ಹುಡುಗಿಯರ ಕೈಯಲ್ಲಿ ದೊಡ್ಡ ಕಾಗದದ ಬಲೂನ್ ಮಾಡಿಸಿದರು. ಕೈಕಾಗದದ ಹಾಳೆಗಳನ್ನು ಕೊನ್ಯಾಕು ಅನ್ನೋ ಗೆಡ್ಡೆಯ ಅಂಟಿನಿಂದ ಪದರಪದರವಾಗಿ ಅಂಟಿಸೋದು. ಹಸಿವಿಗೆ ಆ ಅಂಟನ್ನೇ ಕದ್ದು ತಿಂದವರಿದ್ದರು. ಅವಕ್ಕೆ ಬಾಂಬು ಕಟ್ಟಿ 1944ರ ನವೆಂಬರ್‌ನಿಂದ ಪೆಸಿಫಿಕ್ ಸಾಗರದ ಮೇಲಿನ ಗಾಳಿಗೆ ಬಿಟ್ಟರು, 9,000ಕ್ಕೂ ಹೆಚ್ಚು. 1945ರ ಮೇ 5ರಂದು ಅಮೆರಿಕದ ಆರೆಗಾನ್ ರಾಜ್ಯದ ಬ್ಲೈ ಊರಿನ ಹತ್ತಿರ ಕಾಡಿಗೆ ಊಟ ಕಟ್ಟಿಕೊಂಡು ಹೋದವರಿಗೆ ಅದರಲ್ಲೊಂದು ಸಿಕ್ಕಿತು. ಸ್ಫೋಟವಾಗಿ ಬಸುರಿ ಹೆಂಗಸೊಬ್ಬಳೂ ಐದು ಮಕ್ಕಳೂ ಸತ್ತರು.

ಅಂಟಿಸಿದ ಹುಡುಗಿಯರಿಗೆ ಇದು ತಿಳಿದಿದ್ದು ದಶಕಗಳ ನಂತರ. 1987ರಲ್ಲಿ ಅವರಲ್ಲಿ ಕೆಲವರು, ಅಷ್ಟು ಹೊತ್ತಿಗೆ ಐವತ್ತು ದಾಟಿದ ಹೆಂಗಸರು, ಕಾಗದದ ಸಾವಿರ ಕೊಕ್ಕರೆ ಮಡಿಸಿ ಆ ಸತ್ತವರ ಮನೆಯವರಿಗೆ ಕಳಿಸಿದರು. ಯಾವ ಕೋರ್ಟೂ ಅವರನ್ನು ಕೇಳಿರಲಿಲ್ಲ. ಕಾಗದ ಅಂಟಿಸಿದ ಅದೇ ಕೈಗಳು ಮತ್ತೆ ಕಾಗದ ಮಡಿಸಿದವು.

ಇಳಕಲ್_ಮಗ್ಗ

ಕೊಕ್ಕರಿ ಸುದ್ದಿ ಓದಿ ಮಾತು ಬರವಲ್ತು. ನಮ್ಮವ್ವಗೂ ಓದಿ ಹೇಳಿದೆ.

ಕಡಲತಡಿ

ಆ ಸಾವಿರ ಕೊಕ್ಕರೆಯ ಬಗ್ಗೆ ಒಂದು ಚಿತ್ರ ಬಂದರೆ ನಾನು ಮೊದಲ ದಿನವೇ ಹೋಗಿ ನೋಡುತ್ತೇನೆ. ಪೀಣ್ಯದವರೇ, ನಿಮ್ಮ ಸಿನಿಮಾವನ್ನು ಇನ್ನೊಮ್ಮೆ ನೋಡುತ್ತೇನೆ, ಈ ಸಲ ಲೆನ್ಸ್ ಹುಡುಕುವ ಭಾಗವನ್ನು ನಿಮ್ಮ ಕಣ್ಣಿನಿಂದ. ಪ್ರೀತಿಸಬಹುದೋ ಎಂಬುದಕ್ಕೆ ನನ್ನ ಉತ್ತರ ಬದಲಾದರೆ ಇಲ್ಲೇ ಬಂದು ಹೇಳುತ್ತೇನೆ, ಬದಲಾಗದಿದ್ದರೂ ಹೇಳುತ್ತೇನೆ.

ಪೀಣ್ಯದವಳು

ಖಂಡಿತ ಹೇಳಿ. ಬದಲಾಗಬೇಕು ಅಂತ ನನಗೇನೂ ಇಲ್ಲ.

ಕೋಬೆಯವರೇ, ಆ ಹೆಸರಿನ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಲೈನಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಗೇಜ್ ಹಿಡಿಯೋದು ಕಲಿಸುವಾಗ ನಾನು ಹೇಳೋದು ಅದೇ ಮಾತು, ಒತ್ತಬೇಡ, ಅದೇ ಒಳಗೆ ಹೋಗಬೇಕು, ಚೆಂದಾಗಿ ಅಂತ.

ಮುಂದಿನ ಭಾನುವಾರ ಅವರಲ್ಲಿ ಆರು ಜನ ನಮ್ಮ ಮನೆಗೆ ಬರ್ತಿದ್ದಾರೆ, ಒಟ್ಟಿಗೆ ನೋಡೋಕೆ. ಇಂಗ್ಲಿಷ್ ಸಬ್‌ಟೈಟಲ್ ಎಲ್ಲರಿಗೂ ಓದೋಕೆ ಆಗಲ್ಲ, ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋಗಬೇಕು. ಕೋಬೆಯವರೇ, ವತಾನಾಬೆ ರಾತ್ರಿ ಹೇಳ್ಕೊಳ್ಳೋ ಆ ಹಾಡಿನ ಅರ್ಥ ಸ್ವಲ್ಪ ಬರೆದು ಕಳಿಸ್ತೀರಾ?

ಕೋಬೆಯಿಂದ

ಶನಿವಾರದೊಳಗೆ ಕಳಿಸ್ತೀನಿ ಅಕ್ಕ. ಹಳೇ ಕಾಲದ ಮಂಗೋಲರ ದಾಳಿಯ ಮೇಲಿನ ಹಾಡು ಅದು. ಸಾಲು ಸಾಲಾಗಿ ಬರೆದು ಕೊಡ್ತೀನಿ.